ಬಾಸ್ಟನ್ ಪಕ್ಕದ ಕಾಂಕರ್ಡ್: ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಟನ್ ಸುತ್ತಮುತ್ತ ಮನೆ ಮಾಡಿಕೊಂಡವರಿಗೆ ಬೇಸಿಗೆ ಬಂತೆಂದರೆ ನೆಂಟರ ಕಾಲ. ಅಪ್ಪ ಅಮ್ಮ, ಅತ್ತೆ ಮಾವ, ಕಾನ್ಫರೆನ್ಸಿಗೆ ಬಂದ ಹಳೇ ಗೆಳೆಯ, ಹೀಗೆ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ನಯಾಗರಾ, ನ್ಯೂಯಾರ್ಕ್ ಎಲ್ಲ ಮುಗಿದು ಒಂದು ಭಾನುವಾರ ಖಾಲಿ ಉಳಿದಾಗ ನಾನು ಅವರನ್ನು ಕಾಂಕರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರಶ್ನೆಗಳು ಮಾತ್ರ ಪ್ರತಿ ಸಲವೂ ಅವೇ. ಒಮ್ಮೆ ಬರೆದಿಟ್ಟರೆ ಕಾರಿನಲ್ಲಿ ಓದಿಕೊಳ್ಳಲಿ ಅಂತ ಇದನ್ನು ಬರೆದಿದ್ದೇನೆ.

ಇದು ನ್ಯೂ ಹ್ಯಾಂಪ್‌ಶೈರಿನ ರಾಜಧಾನಿ ಅಲ್ಲವಾ?

ಅಲ್ಲ, ಅದು ಬೇರೆ ಕಾಂಕರ್ಡ್. ಕ್ಯಾಲಿಫೋರ್ನಿಯಾದಲ್ಲೂ ಒಂದಿದೆ. ಇದು ಮ್ಯಾಸಚೂಸೆಟ್ಸ್ ರಾಜ್ಯದ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿರುವ ಊರು, ಬಾಸ್ಟನ್ನಿನಿಂದ ವಾಯವ್ಯಕ್ಕೆ ಸುಮಾರು 20 ಮೈಲಿ. 2020ರ ಜನಗಣತಿಯಲ್ಲಿ ಇಲ್ಲಿದ್ದವರು 18,491 ಜನ. ಮೊಬೈಲಿನಲ್ಲಿ ದಾರಿ ಹುಡುಕುವಾಗ ರಾಜ್ಯದ ಹೆಸರನ್ನೂ ಸೇರಿಸಿ. ಒಬ್ಬ ಗೆಳೆಯ ಅದನ್ನು ಬಿಟ್ಟು ಉತ್ತರಕ್ಕೆ ಒಂದು ಗಂಟೆ ಹೋದಮೇಲೆ ಫೋನ್ ಮಾಡಿದ್ದ.

ಹೆಸರಿಗೆ ಏನರ್ಥ?

ಕಾಂಕರ್ಡ್ ಅಂದರೆ ಒಮ್ಮತ, ಹೊಂದಾಣಿಕೆ. ಸ್ಥಳೀಯರ ಬಾಯಲ್ಲಿ ಅದು 'ಗೆದ್ದುಕೊಂಡ' ಎಂಬರ್ಥದ ಇಂಗ್ಲಿಷ್ ಪದ 'conquered' ಕೇಳಿಸುವ ಹಾಗೇ ಕೇಳಿಸುತ್ತದೆ; ವಿಮಾನದ ಹೆಸರಿನಂತೆ ಉದ್ದ ಎಳೆದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ. 1635ರಲ್ಲಿ ಇಂಗ್ಲಿಷ್ ವಲಸಿಗರಿಗೆ ಆರು ಮೈಲಿ ಚದರದ ಭೂಮಿ ಮಂಜೂರಾದಾಗ ಈ ಹೆಸರಿಟ್ಟರು. ಮೂಲನಿವಾಸಿಗಳಿಂದ ಜಗಳವಿಲ್ಲದೆ ಕೊಂಡುಕೊಂಡೆವು ಎಂಬ ಹೆಮ್ಮೆ ಆ ಹೆಸರಿನ ಹಿಂದಿದೆ ಎನ್ನುತ್ತಾರೆ. ಒಮ್ಮತ ಅಂತ ಹೆಸರಿಟ್ಟುಕೊಂಡ ಈ ಊರಿನವರಷ್ಟು ಎದ್ದು ನಿಂತು ವಾದ ಮಾಡುವವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಇಲ್ಲಿ ಯಾರಿದ್ದರು?

ಸಡ್‌ಬರಿ ಮತ್ತು ಅಸಾಬೆಟ್ ನದಿಗಳು ಇಲ್ಲಿ ಕೂಡಿ ಕಾಂಕರ್ಡ್ ನದಿಯಾಗುತ್ತವೆ. ಸಂಗಮದ ಬಂಡೆಗೆ ಎಗ್ ರಾಕ್ ಅಂತ ಹೆಸರು. ಮೂಲನಿವಾಸಿಗಳು ಈ ಜಾಗವನ್ನು ಮಸ್ಕೆಟಕ್ವಿಡ್ ಎಂದು ಕರೆಯುತ್ತಿದ್ದರು. ಹುಲ್ಲುಗಾವಲಿನ ನಡುವೆ ಹರಿಯುವ ನೀರು ಎಂಬ ಅರ್ಥ. ಇಂಗ್ಲಿಷರು ಬರುವ ಹೊತ್ತಿಗೆ ಸಾಂಕ್ರಾಮಿಕ ರೋಗಗಳು, ಆಮೇಲೆ ಸಿಡುಬು, ಅವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡಿದ್ದವು. ಹಾಗಾಗಿ ಆ 'ಜಗಳವಿಲ್ಲದ ಖರೀದಿ'ಯನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಮೂಲನಿವಾಸಿಗಳಿಗೂ ಇಂಗ್ಲಿಷ್ ವಲಸಿಗರಿಗೂ ನಡೆದ 1675–76ರ ಯುದ್ಧದ ಹೊತ್ತಿನಲ್ಲಿ ಇನ್ನೂ ಕೆಟ್ಟ ಘಟನೆ ನಡೆಯಿತು. ಪಕ್ಕದ ನಶೋಬಾ ಹಳ್ಳಿಯ, ಕ್ರೈಸ್ತರಾಗಿದ್ದ ಮೂಲನಿವಾಸಿಗಳನ್ನು ಜಾನ್ ಹೋರ್ ಎಂಬ ಕಾಂಕರ್ಡಿನ ವಕೀಲ ತನ್ನ ಜಾಗದಲ್ಲಿ ಇಟ್ಟುಕೊಂಡು ಕಾಪಾಡುತ್ತಿದ್ದ. ಊರಿನ ಕೆಲವರಿಗೆ ಅದು ಹಿಡಿಸಲಿಲ್ಲ. ಸೈನಿಕರು ಬಂದು ಅವರನ್ನೆಲ್ಲ ಎಳೆದೊಯ್ದು ಚಳಿಗಾಲದಲ್ಲಿ ಬಾಸ್ಟನ್ ಬಂದರಿನ ಡೀರ್ ಐಲೆಂಡಿಗೆ ಹಾಕಿದರು. ಆ ದ್ವೀಪದಲ್ಲಿ ಕೂಡಿಹಾಕಿದ್ದವರಲ್ಲಿ ಹಸಿವು ಚಳಿಗೆ ಸತ್ತವರು ಬಹಳ. ಪ್ರವಾಸಿ ಬಸ್ಸುಗಳು ಈ ಕಥೆಗೆ ನಿಲ್ಲುವುದಿಲ್ಲ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಇಲ್ಲೇ ಶುರುವಾಯಿತಂತೆ, ಹೌದಾ?

ಪಕ್ಕದ ಲೆಕ್ಸಿಂಗ್ಟನ್ನಿನವರ ಮುಂದೆ ಈ ಪ್ರಶ್ನೆ ಕೇಳಬೇಡಿ. 1775ರ ಏಪ್ರಿಲ್ 19ರ ಬೆಳಕು ಹರಿಯುವ ಹೊತ್ತಿಗೆ ಲೆಕ್ಸಿಂಗ್ಟನ್ನಿನ ಮೈದಾನದಲ್ಲಿ ಗುಂಡು ಹಾರಿ ಎಂಟು ಜನ ಸತ್ತರು. ಮೊದಲು ಹಾರಿಸಿದ್ದು ಯಾರು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ. ಕಾಂಕರ್ಡಿನವರ ವಾದ ಬೇರೆ: ಅಲ್ಲಿ ನಡೆದದ್ದು ಕೊಲೆ, ಅಪ್ಪಣೆ ಕೊಟ್ಟು ತಿರುಗಿ ಗುಂಡು ಹಾರಿಸಿದ್ದು ನಮ್ಮ ನಾರ್ತ್ ಬ್ರಿಜ್ಜಿನಲ್ಲಿ. ತಲೆಮಾರುಗಳೇ ಕಳೆದರೂ ಎರಡೂ ಊರುಗಳು ಈ ಜಗಳ ಬಿಟ್ಟಿಲ್ಲ.

ನಡೆದದ್ದು ಇಷ್ಟು. ಇಲ್ಲಿ ಬಚ್ಚಿಟ್ಟ ಮದ್ದುಗುಂಡು ಹುಡುಕಲು ಸುಮಾರು 700 ಬ್ರಿಟಿಷ್ ಸೈನಿಕರು ಬಾಸ್ಟನ್ನಿನಿಂದ ರಾತ್ರೋರಾತ್ರಿ ಹೊರಟರು. ಸುದ್ದಿ ತಂದವನೆಂದು ಎಲ್ಲರ ಬಾಯಲ್ಲಿರುವ ಪಾಲ್ ರಿವಿಯರ್ ಕಾಂಕರ್ಡ್ ತಲುಪಲೇ ಇಲ್ಲ, ದಾರಿಯಲ್ಲೇ ಸಿಕ್ಕಿಬಿದ್ದ. ತಲುಪಿಸಿದವನು ಇದೇ ಊರಿನ ಡಾಕ್ಟರ್, ಸ್ಯಾಮ್ಯುಯಲ್ ಪ್ರೆಸ್ಕಾಟ್. ಬೆಳಗ್ಗೆ ಊರೊಳಗೆ ಬಂದ ಸೈನಿಕರು ಫಿರಂಗಿಯ ಮರದ ಗಾಡಿಗಳಿಗೆ ಬೆಂಕಿ ಇಟ್ಟರು. ಬೆಂಕಿ ಟೌನ್‌ಹೌಸಿಗೂ ಹತ್ತಿತು. ಮಾರ್ಥಾ ಮೌಲ್ಟನ್ ಎಂಬ 71 ವರ್ಷದ ವಿಧವೆ ಸೈನಿಕರ ಹಿಂದೆ ಬಿದ್ದು, ಕಾಡಿ ಬೇಡಿ ಅವರ ಕೈಯಲ್ಲೇ ಅದನ್ನು ಆರಿಸಿದರು. (ಮರುವರ್ಷ ಆಕೆ ಅದಕ್ಕೆ ಪರಿಹಾರ ಕೇಳಿ ಅರ್ಜಿ ಹಾಕಿ ಮೂರು ಪೌಂಡ್ ಪಡೆದರು. ನನಗೆ ಈ ಇಡೀ ಯುದ್ಧದಲ್ಲಿ ತುಂಬ ಇಷ್ಟವಾದವರು ಇವರೇ.) ಆದರೆ ಹೊಳೆಯಾಚೆ ಗುಡ್ಡದ ಮೇಲೆ ಸೇರಿದ್ದ ಸುತ್ತಲಿನ ಊರುಗಳ 400 ಮಂದಿಗೆ ಕಂಡದ್ದು ಹೊಗೆ ಮಾತ್ರ. ಊರು ಸುಡುತ್ತಿದ್ದಾರೆ ಅಂದುಕೊಂಡು ಸೇತುವೆ ಕಡೆ ಇಳಿದರು. ಸಂಜೆಯೊಳಗೆ ಬಾಸ್ಟನ್ ದಾರಿಯುದ್ದಕ್ಕೂ 73 ಬ್ರಿಟಿಷರು, 49 ಸ್ಥಳೀಯರು ಸತ್ತಿದ್ದರು.

ಸೇತುವೆಯ ಹತ್ತಿರ ಸತ್ತ ಇಬ್ಬರು ಸ್ಥಳೀಯರೂ ಕಾಂಕರ್ಡಿನವರಲ್ಲ, ಪಕ್ಕದ ಆಕ್ಟನ್ನಿನವರು. ಹಾಗಾಗಿ ಜಗಳದಲ್ಲಿ ಮೂರನೇ ಊರೂ ಇದೆ. ಪ್ರತಿ ಏಪ್ರಿಲ್‌ನಲ್ಲಿ ಆಕ್ಟನ್ ಜನ ಆ ಇಬ್ಬರಲ್ಲಿ ಒಬ್ಬನಾದ ಐಸಾಕ್ ಡೇವಿಸ್ ನಡೆದ ದಾರಿಯಲ್ಲೇ ಡೋಲು ಬಾರಿಸುತ್ತ ಸೇತುವೆಗೆ ನಡೆದು ಬರುತ್ತಾರೆ.

ಈಗಿರುವುದು ಅದೇ ಸೇತುವೆನಾ?

ಅಲ್ಲ. ಮೂಲ ಸೇತುವೆಯನ್ನು 1793ರಲ್ಲೇ ಕಿತ್ತರು, ಈಗಿನದು 1956ರದ್ದು. ಪಕ್ಕದ ಪ್ರತಿಮೆ ಮಾಡಿದವನು ಇದೇ ಊರಿನ ಹುಡುಗ ಡೇನಿಯಲ್ ಚೆಸ್ಟರ್ ಫ್ರೆಂಚ್, 1875ರಲ್ಲಿ. ವಾಷಿಂಗ್ಟನ್ನಿನಲ್ಲಿ ಕುರ್ಚಿಯಲ್ಲಿ ಕೂತ ದೊಡ್ಡ ಲಿಂಕನ್ ನೋಡಿದ್ದೀರಲ್ಲ, ಅದೂ ಅವನದೇ ಕೈಕೆಲಸ.

ಸ್ವಾತಂತ್ರ್ಯಕ್ಕೆ ಹೋರಾಡಿದ ಊರಿನಲ್ಲಿ ಗುಲಾಮರು ಇದ್ದರಾ?

ಇದ್ದರು. ಸೇತುವೆಯ ಕಾರ್ ಪಾರ್ಕಿನ ಪಕ್ಕದಲ್ಲೇ ರಾಬಿನ್ಸ್ ಹೌಸ್ ಎಂಬ ಚಿಕ್ಕ ಮನೆಯಿದೆ. ಗುಲಾಮನಾಗಿದ್ದು ಆಮೇಲೆ ಸ್ವತಂತ್ರನಾದ, ಆ ಯುದ್ಧದಲ್ಲೂ ಸೇವೆ ಮಾಡಿದ ಸೀಸರ್ ರಾಬಿನ್ಸ್‌ನ ಮಕ್ಕಳು ವಾಸವಾಗಿದ್ದ ಮನೆ ಅದು. 2011ರಲ್ಲಿ ಇಡೀ ಮನೆಯನ್ನೇ ಸಾಗಿಸಿ ತಂದು ಇಲ್ಲಿಟ್ಟರು. ಊರಾಚೆ ವಾಲ್ಡನ್ ಎಂಬ ಕೊಳದ ಸುತ್ತಲಿನ ಕಾಡಿನಲ್ಲೂ ಬಿಡುಗಡೆಯಾದ ಕಪ್ಪು ಜನರ ಗುಡಿಸಲುಗಳಿದ್ದವು. ಯಾರಿಗೂ ಬೇಡವಾದ ನಿಸ್ಸಾರ ಮಣ್ಣು ಅಂತ ಅಲ್ಲಿ ಇರಲು ಬಿಟ್ಟಿದ್ದರು. ಬ್ರಿಸ್ಟರ್ ಫ್ರೀಮನ್ ಎಂಬವನ ಹೆಸರು ಅಲ್ಲಿನ ಗುಡ್ಡಕ್ಕೆ ಉಳಿದುಕೊಂಡಿದೆ. ಇನ್ನೊಂದು ಕಡೆ, 1837ರಲ್ಲೇ ಇಲ್ಲಿನ ಹೆಂಗಸರು ಗುಲಾಮಗಿರಿ ವಿರೋಧಿ ಸಂಘ ಕಟ್ಟಿದ್ದರು. 'ವಾಲ್ಡನ್' ಪುಸ್ತಕ ಬರೆದ ಹೆನ್ರಿ ಡೇವಿಡ್ ಥೋರೋನ ತಾಯಿ, ಅಕ್ಕತಂಗಿಯರು ಅದರಲ್ಲಿದ್ದರು. ಊರಿನ ಗಂಡಸರಿಗೆ ಈ ವಿಷಯದಲ್ಲಿ ಬಾಯಿ ಬರಿಸಿದ್ದು ಇವರೇ.

ಥೋರೋ ನಿಜವಾಗಿ ಕಾಡಿನಲ್ಲಿದ್ದನಾ, ಇಲ್ಲ ಅಮ್ಮನ ಮನೆಯಲ್ಲಿ ಊಟ ಮಾಡುತ್ತಿದ್ದನಾ?

ಎರಡೂ. 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ, ಎರಡು ವರ್ಷ ಎರಡು ತಿಂಗಳು ಎರಡು ದಿನ, ವಾಲ್ಡನ್ ಕೊಳದ ದಂಡೆಯಲ್ಲಿ ಹತ್ತಡಿ ಹದಿನೈದಡಿಯ ಮನೆಯಲ್ಲಿದ್ದ. ಜಾಗ ಇದೇ ಊರಿನ ಲೇಖಕ, ಅವನ ಗೆಳೆಯ ಎಮರ್ಸನ್‌ರದ್ದು. ರೈಲು ಹಳಿ ಹಾಕಲು ಬಂದಿದ್ದ ಐರಿಷ್ ಕೂಲಿಯೊಬ್ಬನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಆ ಹಲಗೆಗಳನ್ನು ಬಳಸಿಕೊಂಡ. ಒಟ್ಟು ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟು. ಊರು ಅಲ್ಲಿಂದ ಒಂದೂವರೆ ಮೈಲಿ, ಕೊಳದ ಒಂದು ಬದಿಗೆ ರೈಲು ಓಡುತ್ತಿತ್ತು. ಮನೆಗೆ ಬಂದು ಹೋಗುತ್ತಿದ್ದುದನ್ನು ಅವನೇನೂ ಮುಚ್ಚಿಡಲಿಲ್ಲ. ಹಿಮಾಲಯದ ಸಾಧುವನ್ನು ಕಲ್ಪಿಸಿಕೊಂಡು ಬಂದವರಿಗೆ ಮಾತ್ರ ನಿರಾಸೆ.

ಊರಿನವರಿಗೆ ಆ ಕಾಲದಲ್ಲಿ ಅವನು ಋಷಿಯೇನಲ್ಲ, ಪೆನ್ಸಿಲ್ ಮಾಡುವವರ ಮನೆಯ ಹುಡುಗ. 1844ರಲ್ಲಿ ಹೊಳೆದಂಡೆಯಲ್ಲಿ ಮೀನು ಬೇಯಿಸಲು ಹೋಗಿ ಸುಮಾರು 300 ಎಕರೆ ಕಾಡಿಗೆ ಬೆಂಕಿ ಹಚ್ಚಿದ್ದ. ಕಾಡು ಸುಟ್ಟವನು ಅಂತ ವರ್ಷಗಟ್ಟಲೆ ಬೆನ್ನ ಹಿಂದೆ ಆಡಿಕೊಂಡರು. ಅದರ ಮರುವರ್ಷವೇ ಅವನು ಕಾಡು ಸೇರಿದ್ದು.

ಗಾಂಧೀಜಿ ಓದಿದ್ದು ಇವನನ್ನೇ ಅಲ್ಲವಾ?

ಹೌದು. ಗುಲಾಮಗಿರಿಯನ್ನು ಸಾಕುವ, ಮೆಕ್ಸಿಕೋ ಮೇಲೆ ಯುದ್ಧ ಮಾಡುವ ಸರ್ಕಾರಕ್ಕೆ ತಲೆಗಂದಾಯ ಕಟ್ಟಲ್ಲ ಅಂತ 1846ರ ಜುಲೈನಲ್ಲಿ ಒಂದು ರಾತ್ರಿ ಇಲ್ಲಿನ ಜೈಲಿನಲ್ಲಿದ್ದ. ಜೈಲಿನ ಅಧಿಕಾರಿ ಗುರುತಿನವನೇ, ಬೇಕಾದರೆ ನಾನೇ ಕಟ್ಟುತ್ತೇನೆ ಅಂದಿದ್ದನಂತೆ. ಬೆಳಗಾಗುವಷ್ಟರಲ್ಲಿ ಯಾರೋ ದುಡ್ಡು ಕಟ್ಟಿದ್ದರು. ಸೋದರತ್ತೆ ಮರಾಯಾ ಇರಬೇಕು ಅನ್ನುತ್ತಾರೆ. ಬಿಡಿಸಿದ್ದಕ್ಕೆ ಅವನಿಗೆ ಸಿಟ್ಟು! 1848ರಲ್ಲಿ ಊರಿನ ಲೈಸಿಯಂನಲ್ಲಿ, ಅಂದರೆ ಜನ ತಾವೇ ನಡೆಸುತ್ತಿದ್ದ ಉಪನ್ಯಾಸ ಸಂಘದಲ್ಲಿ, ನೆರೆಹೊರೆಯವರ ಮುಂದೆ ತಾನು ಮಾಡಿದ್ದು ಸರಿ ಅಂತ ವಾದಿಸಿದ. ಮರುವರ್ಷ ಅಚ್ಚಾದ ಆ ಭಾಷಣವೇ ಸುಮಾರು ಅರವತ್ತು ವರ್ಷದ ನಂತರ ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರ ಕೈಗೆ ಸಿಕ್ಕಿದ್ದು. ಜೈಲು ಈಗಿಲ್ಲ, ಆ ಜಾಗದಲ್ಲಿ ಒಂದು ಫಲಕವಿದೆ ಅಷ್ಟೆ.

ವಾಲ್ಡನ್ ಕೊಳದ ಐಸು ಮದ್ರಾಸಿಗೆ ಬಂದಿತ್ತಂತೆ?

ನಿವೃತ್ತ ಮೇಷ್ಟ್ರುಗಳಿಗೆ ಬಹಳ ಪ್ರಿಯವಾದ ಪ್ರಶ್ನೆ. ಅರ್ಧ ನಿಜ. ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ ವ್ಯಾಪಾರಿ ಈ ಸೀಮೆಯ ಕೆರೆಗಳ ಮಂಜುಗಡ್ಡೆ ಕೊಯ್ಸಿ, ಮರದ ಹೊಟ್ಟಿನಲ್ಲಿ ಸುತ್ತಿ, ಹಡಗಿನಲ್ಲಿ ಕಳಿಸುತ್ತಿದ್ದ. 1833ರಲ್ಲಿ ಕಲ್ಕತ್ತಕ್ಕೆ ಹೊರಟ ಮೊದಲ ಹಡಗಿನಲ್ಲಿ 180 ಟನ್ ಇತ್ತು, ನಾಲ್ಕು ತಿಂಗಳ ಪ್ರಯಾಣದ ಮೇಲೆ ಸುಮಾರು ನೂರು ಟನ್ ಉಳಿದಿತ್ತು. ಮದ್ರಾಸಿನ ಐಸ್ ಹೌಸ್ ಕಟ್ಟಿದ್ದು ಇದೇ ವ್ಯಾಪಾರಕ್ಕೆ. 1897ರಲ್ಲಿ ವಿವೇಕಾನಂದರು ತಂಗಿದ್ದ, ಈಗ ಅವರ ಹೆಸರಿನಲ್ಲೇ ಇರುವ ಕಟ್ಟಡ ಅದು.

1846–47ರ ಚಳಿಗಾಲದಲ್ಲಿ ವಾಲ್ಡನ್ ಕೊಳಕ್ಕೂ ನೂರು ಜನ ಐರಿಷ್ ಕೂಲಿಗಳು ಬಂದು ಐಸು ಕೊಯ್ದರು. ಬೆಳಗ್ಗೆ ಎಮರ್ಸನ್ ಪುಸ್ತಕದ ಕಪಾಟಿನಿಂದ ತಂದ ಭಗವದ್ಗೀತೆ ಓದುತ್ತ, ವಿಲ್ಕಿನ್ಸ್ 1785ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಅದು, ತನ್ನ ಕೊಳದ ನೀರು ಗಂಗೆಯಲ್ಲಿ ಬೆರೆಯುತ್ತದೆ ಅಂತ ಥೋರೋ ಕನಸು ಕಂಡ. ಆದರೆ ಅವನೇ ಬರೆದಿಟ್ಟ ಲೆಕ್ಕದ ಪ್ರಕಾರ ಆ ವರ್ಷ ಒಟ್ಟಿದ್ದ ಐಸಿನ ದೊಡ್ಡ ರಾಶಿ ಮಾರುಕಟ್ಟೆಗೆ ಹೋಗಲೇ ಇಲ್ಲ. ಸ್ವಲ್ಪ ಸಾಗಿಸಿದರು, ಉಳಿದದ್ದು ಅಲ್ಲೇ ಕರಗಿ 1848ರ ಸೆಪ್ಟೆಂಬರ್ ಹೊತ್ತಿಗೆ ಮರಳಿ ಕೊಳಕ್ಕೇ ಸೇರಿತು. ಗಂಗೆಗೆ ಗೀತೆಯ ಋಣ ತೀರಿಸುವುದು ಬಾಕಿ ಉಳಿಯಿತು ಅಂತ ನಮ್ಮ ಮಾವನವರು ನಕ್ಕಿದ್ದರು.

ಊರಿನ ಆಡಳಿತ ಯಾರದ್ದು? ಮೇಯರ್ ಯಾರು?

ಮೇಯರ್ ಇಲ್ಲ, ನಗರಸಭೆಯೂ ಇಲ್ಲ. ಇಲ್ಲಿ ನಡೆಯುವುದು ಟೌನ್ ಮೀಟಿಂಗ್. ನನ್ನ ಪ್ರಕಾರ ಸೇತುವೆ, ಕೊಳ ಎರಡಕ್ಕಿಂತಲೂ ನೋಡಬೇಕಾದದ್ದು ಇದು, ಆದರೆ ಇದಕ್ಕೆ ಟಿಕೆಟ್ಟೂ ಇಲ್ಲ, ಫಲಕವೂ ಇಲ್ಲ.

ನಮ್ಮ ಗ್ರಾಮಸಭೆಯನ್ನು ನೆನಪಿಸಿಕೊಳ್ಳಿ. ಆದರೆ ಫಲಾನುಭವಿಗಳ ಪಟ್ಟಿ ಓದಿ ಮುಗಿಸುವ ಸಭೆಯಲ್ಲ. ಊರಿನ ಇಡೀ ವರ್ಷದ ಬಜೆಟ್ಟು, ಶಾಲೆಯ ಖರ್ಚು, ಅಗ್ನಿಶಾಮಕ ಗಾಡಿ, ಎಲ್ಲಿ ಮನೆ ಕಟ್ಟಬಹುದು ಎಲ್ಲಿ ಕಟ್ಟಬಾರದು, ಎಲ್ಲವನ್ನೂ ಅಲ್ಲಿ ಕೂತ ಮತದಾರರೇ ನಿರ್ಧರಿಸುತ್ತಾರೆ. ಪ್ರತಿನಿಧಿಗಳಲ್ಲ, ಖುದ್ದು ಮತದಾರರು. ಹೆಸರು ನೋಂದಾಯಿಸಿದ ಯಾರು ಬೇಕಾದರೂ ಹೋಗಿ ಮಾತಾಡಬಹುದು, ಕೈ ಎತ್ತಬಹುದು. ವಸಂತದಲ್ಲಿ ಹೈಸ್ಕೂಲಿನಲ್ಲಿ ಸೇರುತ್ತಾರೆ, ಕೆಲವೊಮ್ಮೆ ಮೂರು ನಾಲ್ಕು ಸಂಜೆ ನಡೆಯುತ್ತದೆ. ಯಾವ ವಿಷಯ ಚರ್ಚೆಗೆ ಬರುತ್ತದೆ ಎಂಬ ಪಟ್ಟಿ, ಇವರ ಮಾತಿನಲ್ಲಿ 'ವಾರಂಟ್', ಮೊದಲೇ ಎಲ್ಲರಿಗೂ ತಲುಪಿರುತ್ತದೆ. ಹತ್ತೇ ಹತ್ತು ಮತದಾರರು ಸಹಿ ಹಾಕಿದರೆ ವಾರ್ಷಿಕ ಸಭೆಯ ಪಟ್ಟಿಗೆ ಒಂದು ವಿಷಯ ಸೇರಿಸಬಹುದು. ಸಭೆ ನಡೆಸುವವರು ಮಾಡರೇಟರ್. ದಿನನಿತ್ಯದ ಉಸ್ತುವಾರಿಗೆ ಚುನಾಯಿತ ಐವರ ಸೆಲೆಕ್ಟ್ ಬೋರ್ಡ್, ಅವರ ಕೈಕೆಳಗೆ ಸಂಬಳದ ಟೌನ್ ಮ್ಯಾನೇಜರ್. ಇನ್ನು ಲೈಬ್ರರಿ, ಹಳೇ ಕಟ್ಟಡ, ಕಾಡು, ಶಾಲೆ ಅಂತ ಹತ್ತಾರು ಸಮಿತಿಗಳು, ಅವುಗಳ ಸದಸ್ಯರಲ್ಲಿ ಬಹುತೇಕರಿಗೆ ಸಂಬಳವಿಲ್ಲ. ಕರೆಂಟು ಕೂಡ ಊರಿನದೇ ಕಂಪನಿ ಕೊಡುತ್ತದೆ, 1898ರಿಂದ.

ಒಮ್ಮೆ ಮತದಾರರಲ್ಲದವರಿಗೆ ಮೀಸಲಿಟ್ಟ ಕುರ್ಚಿಯಲ್ಲಿ ಕೂತು ನೋಡಿದೆ. ಒಬ್ಬರು ವಿಜ್ಞಾನಿ, ಒಬ್ಬರು ಕೊಳಾಯಿ ರಿಪೇರಿಯವರು, ಒಬ್ಬರು ಅಜ್ಜಿ, ಮೈಕಿನ ಮುಂದೆ ಸಾಲಾಗಿ ನಿಂತಿದ್ದರು. ಹೆಸರು, ಬೀದಿ ಹೇಳಿ ಮಾತು ಶುರು, ಸಮಯ ಮುಗಿದರೆ ನಿಲ್ಲಿಸಲೇಬೇಕು. ಬಹಳ ಹೊತ್ತು ಬೇಸರವಾಗುತ್ತದೆ, ಸುಳ್ಳೇಕೆ ಹೇಳಲಿ. ಇನ್ನೊಂದು ಮಾತು: ಪುಟ್ಟ ಮಕ್ಕಳಿರುವವರು, ರಾತ್ರಿ ಪಾಳಿಯವರು ಬರುವುದು ಕಷ್ಟ. ಬಂದು ಕೂರಲು ಪುರುಸೊತ್ತು ಇರುವವರ ಮಾತೇ ಹೆಚ್ಚು ನಡೆಯುತ್ತದೆ ಎಂಬ ದೂರು ಊರಿನಲ್ಲೇ ಇದೆ, ಅದು ಸುಳ್ಳೇನಲ್ಲ.

ಹೆಂಗಸರಿಗೂ ಮೊದಲಿಂದ ಮತ ಇತ್ತಾ?

ಇರಲಿಲ್ಲ. 1879ರಲ್ಲಿ ರಾಜ್ಯ ಕಾನೂನು ಹೆಂಗಸರಿಗೆ ಶಾಲಾ ಸಮಿತಿಯ ಚುನಾವಣೆಯಲ್ಲಿ ಮಾತ್ರ ಮತ ಕೊಟ್ಟಿತು. ಕಾಂಕರ್ಡಿನಲ್ಲಿ ಮೊದಲು ಹೆಸರು ನೋಂದಾಯಿಸಿದವರು 'ಲಿಟಲ್ ವಿಮೆನ್' ಬರೆದ ಲೂಯಿಸಾ ಮೇ ಆಲ್ಕಾಟ್. 1880ರ ಮಾರ್ಚ್‌ನ ಟೌನ್ ಮೀಟಿಂಗಿಗೆ ಇಪ್ಪತ್ತು ಹೆಂಗಸರು ಬಂದರು. ಹೆಂಗಸರು ಮೊದಲು ಹಾಕಲಿ ಅಂತ ಲೂಯಿಸಾಳ ತಂದೆ ಸೂಚಿಸಿದರು. ಇಪ್ಪತ್ತು ಚೀಟಿ ಬಿದ್ದವು. ಕೂಡಲೇ ನ್ಯಾಯಾಧೀಶ ಹೋರ್ ಎದ್ದು, ಮತದಾನ ಮುಗಿಸೋಣ ಅಂದರು, ಸಭೆ ಒಪ್ಪಿಬಿಟ್ಟಿತು. ಗಂಡಸರಿಗೆ ಏನಾಯಿತೆಂದು ಗೊತ್ತಾಗುವಷ್ಟರಲ್ಲಿ ಆ ವರ್ಷದ ಶಾಲಾ ಸಮಿತಿಯನ್ನು ಹೆಂಗಸರೇ ಆರಿಸಿ ಆಗಿತ್ತು. ಆಲ್ಕಾಟರ ಮನೆ ಆರ್ಚರ್ಡ್ ಹೌಸಿಗೆ ಹೋದಾಗ ಎಲ್ಲರೂ ಕಾದಂಬರಿಯ ಅಕ್ಕತಂಗಿಯರ ಕೋಣೆ ಹುಡುಕುತ್ತಾರೆ, ನನಗೆ ಈ ಇಪ್ಪತ್ತು ಚೀಟಿಗಳೇ ನೆನಪಾಗುತ್ತವೆ.

ಅಂಗಡಿಯಲ್ಲಿ ನೀರಿನ ಬಾಟಲಿ ಯಾಕೆ ಸಿಗುವುದಿಲ್ಲ?

ಟೌನ್ ಮೀಟಿಂಗಿನ ಕೆಲಸ! ಒಂದು ಲೀಟರ್ ಅಥವಾ ಅದಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಸಾದಾ ನೀರು ಮಾರುವುದನ್ನು ಇವರು ನಿಷೇಧಿಸಿದ್ದಾರೆ. ಶುರು ಮಾಡಿದ್ದು ಎಂಬತ್ತು ದಾಟಿದ ಒಬ್ಬ ಅಜ್ಜಿ. 2010ರಲ್ಲಿ ಸಭೆ ಒಪ್ಪಿತು, ಆದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇದು ಸರಿಯಾದ ಕಾನೂನಾಗಿಲ್ಲ ಅಂದಿತು. ತಿದ್ದಿ ತಂದರು, 2011ರಲ್ಲಿ ಏಳು ಮತದಿಂದ ಬಿತ್ತು. 2012ರಲ್ಲಿ ಮತ್ತೆ ತಂದರು, 403ಕ್ಕೆ 364ರಿಂದ ಗೆದ್ದಿತು. 2013ರ ಜನವರಿ 1ರಿಂದ ಜಾರಿ. ಬಾಟಲಿ ಕಂಪನಿಗಳೂ, ಕೆಲ ಅಂಗಡಿಯವರೂ ತಡೆಯಲು ನೋಡಿದರು. ಸೋಡಾ, ಜ್ಯೂಸು ಮಾತ್ರ ಪ್ಲಾಸ್ಟಿಕ್ಕಿನಲ್ಲೇ ಸಿಗುತ್ತದೆ, ಈ ಅಸಂಬದ್ಧವನ್ನು ವಿರೋಧಿಗಳು ಆಗಲೇ ಎತ್ತಿ ತೋರಿಸಿದ್ದರು. ಮನೆಯಿಂದ ಸ್ಟೀಲ್ ಬಾಟಲಿ ತನ್ನಿ, ತುಂಬಿಸಿಕೊಳ್ಳಲು ನಲ್ಲಿಗಳಿವೆ.

ಇಷ್ಟು ದೊಡ್ಡ ಸಾಹಿತಿಗಳ ಊರು, ಲೈಬ್ರರಿ ಚೆನ್ನಾಗಿರಬೇಕಲ್ಲ?

ತುಂಬ ಚೆನ್ನಾಗಿದೆ, 1873ರದ್ದು. ಪೆನ್ಸಿಲ್ ವ್ಯಾಪಾರದ ಮನ್ರೋ ಮನೆತನದವರು ಕಟ್ಟಿಸಿಕೊಟ್ಟದ್ದು. ಇದೇ ಲೈಬ್ರರಿಯ ಸಮಿತಿ 1885ರಲ್ಲಿ ಮಾರ್ಕ್ ಟ್ವೇನನ 'ಹಕಲ್‌ಬೆರಿ ಫಿನ್' ಕೀಳು ಅಭಿರುಚಿಯ ಪುಸ್ತಕ ಅಂತ ಹೊರಹಾಕಿತು. ಟ್ವೇನ್ ಖುಷಿಯಾದ, ಇದರಿಂದ ಇನ್ನೂ 25,000 ಪ್ರತಿ ಖರ್ಚಾಗುತ್ತದೆ ಅಂದ.

ಕಾಂಕರ್ಡ್ ದ್ರಾಕ್ಷಿ ಇಲ್ಲಿಯದೇನಾ?

ಹೌದು, ಇಲ್ಲಿಯ ಜ್ಯೂಸು, ಜಾಮ್‌ಗಳಿಗೆ ಆ ಕಡುನೇರಳೆ ಬಣ್ಣ ಕೊಡುವ ದ್ರಾಕ್ಷಿ. ಎಫ್ರೇಮ್ ಬುಲ್ ತನ್ನ ಹಿತ್ತಿಲಲ್ಲಿ ಇಲ್ಲಿನ ಚಳಿ ತಡೆಯುವ ತಳಿಗಾಗಿ 22,000 ಸಸಿ ಬೆಳೆಸಿ ನೋಡಿ ಆರಿಸಿದ ತಳಿ ಇದು. 1853ರಲ್ಲಿ ಪ್ರದರ್ಶನಕ್ಕಿಟ್ಟ. ಬಳ್ಳಿಗೆ ಐದು ಡಾಲರಿನಂತೆ ಮೊದಲು ಮಾರಿದ್ದಷ್ಟೇ ಲಾಭ, ಆಮೇಲೆ ನರ್ಸರಿಯವರು ತಾವೇ ಬೆಳೆಸಿ ಮಾರಿದರು. ಬುಲ್ ಬಡವನಾಗಿಯೇ ಸತ್ತ. 'ಬಿತ್ತಿದವನು ಇವನು, ಕೊಯ್ದವರು ಬೇರೆಯವರು' ಎಂಬರ್ಥದ ಸಾಲು ಸಮಾಧಿಯ ಕಲ್ಲಿನ ಮೇಲಿದೆ.

ಈಗ ಇಲ್ಲಿ ಯಾರು ಬದುಕುತ್ತಾರೆ?

ದುಡ್ಡಿದ್ದವರು, ಹೆಚ್ಚಾಗಿ. ಥೋರೋನ 28 ಡಾಲರಿಗೆ ಈಗ ಇಲ್ಲಿ ಒಂದು ಕಿಟಕಿಯೂ ಬರುವುದಿಲ್ಲ. ಊರಿನ ಇನ್ನೊಂದು ಮುಖ ಪಶ್ಚಿಮ ಕಾಂಕರ್ಡ್: ರೈಲು, ಹಳೇ ಬಟ್ಟೆ ಗಿರಣಿ, 1878ರಲ್ಲಿ ಶುರುವಾಗಿ 2024ರಲ್ಲಿ ಮುಚ್ಚಿದ ಸೆರೆಮನೆ. ಆ ಜಾಗದಲ್ಲಿ ಏನು ಕಟ್ಟಬೇಕು ಎಂಬುದು ಈಗಿನ ವಾದ. ಡಿಸೆಂಬರಿನಲ್ಲಿ 400 ಪೌಂಡಿನ ಇಟಲಿ ಚೀಸಿನ ಗಾಲಿಯನ್ನು ಬ್ಯಾಂಡು ಬಾರಿಸುತ್ತ ಅಂಗಡಿಗೆ ಮೆರವಣಿಗೆ ಮಾಡಿದ ವರ್ಷಗಳೂ ಇವೆ. ನಮ್ಮಮ್ಮನಿಗೆ ಅದರ ಫೋಟೋ ತೋರಿಸಿದಾಗ, ಉತ್ಸವಮೂರ್ತಿ ಎಲ್ಲಿ ಅಂತ ಕೇಳಿದರು.

ಒಂದೇ ದಿನದಲ್ಲಿ ಎಲ್ಲ ನೋಡಬಹುದಾ?

ಕಾರಿದ್ದರೆ ಆಗುತ್ತದೆ. ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿನಿಂದ ಫಿಚ್‌ಬರ್ಗ್ ರೈಲೂ ಇದೆ. ಬೇಸಿಗೆಯಲ್ಲಿ ವಾಲ್ಡನ್ ಕೊಳಕ್ಕೆ ಮೊದಲು ಹೋಗಿ, ಈಜುವವರ ಕಾರುಗಳಿಂದ ಪಾರ್ಕಿಂಗ್ ತುಂಬಿದರೆ ಗೇಟು ಹಾಕುತ್ತಾರೆ. ಪಾರ್ಕಿಂಗ್ ಬಳಿ ಇರುವ ಗುಡಿಸಲು ನಕಲು. ನಿಜವಾದ ಜಾಗ ಕೊಳದ ಆ ಬದಿಗೆ, ಕಾಲುದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಸೇತುವೆ, ಊಟ, ಆರ್ಚರ್ಡ್ ಹೌಸ್. ಕೊನೆಗೆ ಸ್ಲೀಪಿ ಹಾಲೋ ಸ್ಮಶಾನ. ಸಂಜೆ ಹೊತ್ತು ಸ್ಮಶಾನಕ್ಕೆ ಯಾಕೆ ಅಂತ ದೊಡ್ಡವರು ಗೊಣಗುತ್ತಾರೆ, ಹೋದಮೇಲೆ ಸುಮ್ಮನಾಗುತ್ತಾರೆ. ಎಮರ್ಸನ್, ಕಾದಂಬರಿಕಾರ ಹಾಥಾರ್ನ್, ಆಲ್ಕಾಟ್, ಥೋರೋ ಎಲ್ಲರೂ ಒಂದೇ ದಿಬ್ಬದ ಮೇಲೆ ಅಕ್ಕಪಕ್ಕ. ಎಮರ್ಸನ್‌ಗೆ ದೊಡ್ಡ ಬಂಡೆ. ಥೋರೋನದು ಮೊಳಕಾಲೆತ್ತರವೂ ಇಲ್ಲದ ಕಲ್ಲು, ಅದರ ಮೇಲೆ 'ಹೆನ್ರಿ' ಅಂತ ಅಷ್ಟೆ. ಬಂದವರು ಸುತ್ತ ಪೆನ್ಸಿಲ್ ನೆಟ್ಟು ಹೋಗುತ್ತಾರೆ. ನಿಮ್ಮ ಹತ್ತಿರ ಇಲ್ಲದಿದ್ದರೆ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಡಬ್ಬಿ ಇಟ್ಟಿರುತ್ತೇನೆ.